ಎರಡು ಅಳತೆ ದೊಡ್ಡ ಬೂಟು

"ಅಮ್ಮಾ, ಇಳಿ ಕೆಳಗೆ! ಇಳೀತೀಯೋ, ಇಲ್ಲ ನಾನೇ ಮೇಲೆ ಬರ್ಲೋ?"

ಆಡಲೈನ್ ಇಳಿಯಲಿಲ್ಲ. ಏಣಿಯ ಆರನೆಯ ಮೆಟ್ಟಿಲ ಮೇಲೆ ನಿಂತು, ಸೂರಿನಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯೊಳಗೆ ಕೈ ಹಾಕಿ, ಕೊಳೆತ ಎಲೆಗಳನ್ನು ಹಿಡಿಹಿಡಿಯಾಗಿ ತೆಗೆದು ಕೆಳಗಿನ ಬಕೆಟ್ಟಿಗೆ ಎಸೆಯುತ್ತಿದ್ದಳು. ಚರ್ಚಿಗೆಂದು ಕಪ್ಪು ಉಡುಪು ಆಗಲೇ ತೊಟ್ಟಾಗಿತ್ತು. ಅದರ ಮೇಲೆ ಗಂಡ ಮೆರ್ಲ್‌ನ ಹಳೆಯ ಕೋಟು. ದೋಣಿಯ ಎಡ ಅರ್ಧ ಚೊಕ್ಕಟವಾಗಿತ್ತು. ಅದನ್ನು ಮಂಗಳವಾರ ಮೆರ್ಲ್ ತೆಗೆದಿದ್ದ. ಬಲ ಅರ್ಧ ಅವನು ಬಿಟ್ಟಲ್ಲಿಗೇ ನಿಂತಿತ್ತು.

"ಹತ್ತೂವರೆಗೆ ಪ್ರಾರ್ಥನೆ. ಇವತ್ತೇ ಆಗ್ಬೇಕಾ ಇದು?" ಮಗಳು ಜನೆಲ್ ಅಂಗಳದಲ್ಲಿ ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮಳೆ ಬರೋ ಹಾಗಿದೆ. ನೀರು ಗೋಡೆಗಿಳಿಯತ್ತೆ."

"ಅಪ್ಪ ಬಿದ್ದದ್ದು ಇದೇ ಏಣಿಯಿಂದ ಅಮ್ಮಾ."

"ಗೊತ್ತು ಕಣೆ. ಏಣಿ ಗಟ್ಟಿಯಾಗೇ ಇದೆ."

ಏಣಿಯ ಬುಡವನ್ನು ಎರಡೂ ಕೈಯಿಂದ ಹಿಡಿದಿದ್ದವಳು ಮೆರ್ಲ್‌ನ ಅಕ್ಕ ಎಲ್ಡಾ. ಎಂಬತ್ತೊಂದು ವಯಸ್ಸು. "ಬಿಡೆ ಜನೆಲ್. ಮುಗೀದೆ ಇವಳು ಇಳಿಯೋಳಲ್ಲ. ನಾನು ಹಿಡ್ಕೊಂಡಿದೀನಿ."

"ನೀವು ಏಣೀನ ಹಿಡ್ಕೊಂಡಿದೀರೋ, ಏಣಿ ನಿಮ್ಮನ್ನ ಹಿಡ್ಕೊಂಡಿದೆಯೋ ಅತ್ತೆ?"

ಎಲ್ಡಾ ನಗಲಿಲ್ಲ. ಆ ಮನೆಯಲ್ಲಿ ನಾಲ್ಕು ದಿನದಿಂದ ಮಾತುಗಳು ಹೊರಡುತ್ತಿದ್ದವು. ಯಾರಿಗೂ ತಾಗದೆ ಹಾಗೇ ಕೆಳಗೆ ಬೀಳುತ್ತಿದ್ದವು. ಮೆರ್ಲ್ ಉನ್ರೂ ಮೂವತ್ತೊಂದು ವರ್ಷ ಸರ್ಕಾರದ ಪರೀಕ್ಷಾ ಪೈಲಟ್ ಆಗಿದ್ದವನು. ಕ್ಯಾನ್ಸಸ್ ಸೀಮೆಯ ಕಾರ್ಖಾನೆಗಳು ಕಟ್ಟಿದ ಹೊಸ ವಿಮಾನಗಳನ್ನು ಆಕಾಶಕ್ಕೆ ಒಯ್ದು, ಬೇಕೆಂದೇ ಬೀಳಿಸಿ, ಮತ್ತೆ ಎತ್ತಿಕೊಂಡು ಬಂದವನು. ಮೊಣಕಾಲಿಗೆ ಒಂದು ತರಚುಗಾಯವಾಗಿರಲಿಲ್ಲ. ನಿವೃತ್ತಿಯಾದ ಆರನೆಯ ವರ್ಷ, ಎಂಟಡಿ ಏಣಿಯಿಂದ ಜಾರಿ, ಹೂಪಾತಿಯ ಕಲ್ಲಿಗೆ ತಲೆ ತಾಗಿ ಸತ್ತ. ಫೋನಿನಲ್ಲಿ ಸುದ್ದಿ ಕೇಳಿದ ಪ್ರತಿಯೊಬ್ಬರೂ ಒಂದೇ ಮಾತು ಕೇಳಿದ್ದರು: "ಏಣಿಯಿಂದಾನಾ?"

"ಸರಿ, ನೀನು ಇಳಿಯೋದ್ರೊಳಗೆ ಚರ್ಚಿನ ಊಟದ ಬನ್ನೆಲ್ಲ ತುಂಬಿಡ್ತೀನಿ," ಎಂದು ಜನೆಲ್ ಒಳಗೆ ಹೋದಳು. ಅಡಿಗೆಮನೆಯ ಕಿಟಕಿಯಿಂದ ಅವಳ ದನಿ ಬಂತು. "ಅಮ್ಮಾ, ಅಟ್ಟದ ಮೇಲೆ ನೀಲಿ ಡಬ್ಬಿ ಇದೆಯಲ್ಲ, ಅದರಲ್ಲಿ ಹಾಕ್ಲಾ?"

"ಅದನ್ನ ಮುಟ್ಬೇಡ!"

ಕೂಗಿನ ರಭಸಕ್ಕೆ ಏಣಿಯೇ ಅಲುಗಿತು. ಎಲ್ಡಾ ತಲೆಯೆತ್ತಿ ನೋಡಿದಳು. ಆಡಲೈನ್ ಕೊನೆಯ ಹಿಡಿ ಎಲೆ ತೆಗೆದು ಬಕೆಟ್ಟಿಗೆ ಹಾಕಿ, ಒಂದೊಂದೇ ಮೆಟ್ಟಿಲು ಇಳಿದಳು.

ನೀಲಿ ಡಬ್ಬಿಯಲ್ಲಿ ಬಿಸ್ಕತ್ತು ಕತ್ತರಿಸುವ ಅಚ್ಚುಗಳಿದ್ದವು. ಅಚ್ಚುಗಳ ಕೆಳಗೆ ಮೇಣದ ಕಾಗದ. ಅದರ ಕೆಳಗೆ ಒಂದು ಪತ್ರ. ಅಂಚೆಗೆ ಹಾಕೆಂದು ಮೆರ್ಲ್ ಹತ್ತೊಂಬತ್ತು ವರ್ಷದ ಹಿಂದೆ ಅವಳ ಕೈಗೆ ಕೊಟ್ಟದ್ದು. ಅವನ ಲೆಕ್ಕದಲ್ಲಿ ಅದು ಅಂದೇ ಹೋಗಿತ್ತು.

*

ಮದುವೆಯಾದಾಗ ಮೆರ್ಲ್ ಗೋಧಿ ಹೊಲಗಳಿಗೆ ಔಷಧಿ ಹೊಡೆಯುವ ಪುಟ್ಟ ವಿಮಾನದ ಪೈಲಟ್. ಬೇಲಿಗಿಂತ ಒಂದಾಳು ಎತ್ತರದಲ್ಲಿ ಹಾರಿ, ವಿದ್ಯುತ್ ತಂತಿಯ ಅಡಿಯಲ್ಲಿ ನುಸುಳಿ, ಹೊಲದ ಕೊನೆಗೆ ಬಾಲದ ಮೇಲೆ ನಿಂತಂತೆ ತಿರುಗಿಸಿಕೊಂಡು ಬರುವ ಕೆಲಸ. ಹಗಲು ಅದು, ಸಂಜೆ ವಿಚಿಟಾದ ಕಾಲೇಜಿನಲ್ಲಿ ಇಂಜಿನಿಯರಿಂಗ್ ತರಗತಿ. ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಕೂತು ಒಂಬತ್ತು ವರ್ಷ ಓದಿದ.

ಸರ್ಕಾರಿ ಕೆಲಸದ ಸಂದರ್ಶನ ಮುಗಿಸಿ ಬಂದ ಮಧ್ಯಾಹ್ನ ಅವನು ಟೋಪಿಯನ್ನೂ ತೆಗೆಯದೆ ಅಡಿಗೆಮನೆಯಲ್ಲಿ ಕೂತದ್ದು ಆಡಲೈನ್‌ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

"ಏನು ಕೇಳಿದ್ರು?"

"ಎಷ್ಟು ಗಂಟೆ ಹಾರಿದೀಯ ಅಂದ್ರು. ಆರು ಸಾವಿರ ಅಂದೆ. ಡಿಗ್ರಿ ನೋಡಿದ್ರು. ಕಣ್ಣು ನೋಡಿದ್ರು. ಕೊನೇಲಿ ಒಬ್ಬ ಮುದುಕ, ನೀನು ಚೆನ್ನಾಗಿ ಹಾರಿಸ್ತೀಯಾ ಅಂದ. ಹೂಂ ಅಂದೆ. ಕೆಟ್ಟದಾಗಿ ಹಾರಿಸೋಕೆ ಬರತ್ತಾ ಅಂದ."

"ಹುಚ್ಚನೋ ಏನೋ."

"ಹುಚ್ಚನಲ್ಲ ಕಣೆ. ವಿಮಾನ ಕೊಳ್ಳೋನು ಯಾರು? ಡಾಕ್ಟ್ರು, ದಲ್ಲಾಳಿ, ವಾರಕ್ಕೊಂದ್ಸಲ ಹಾರೋನು. ಅಂಥವನ ಕೈಗೆ ಸುಮ್ಮನೆ ಒಗ್ಗಬೇಕು ಅಂತ ಕಾನೂನಲ್ಲೇ ಇದೆಯಂತೆ. ಕಂಪನಿ ಪೈಲಟ್ ಮೊದಲು ಹಾರಿಸಿ ಚೆನ್ನಾಗಿದೆ ಅಂತಾನೆ. ಆಮೇಲೆ ಸರ್ಕಾರದೋನು ಹತ್ತಬೇಕು, ಸಾಮಾನ್ಯ ಮನುಷ್ಯನ ಕೈಕಾಲು ಇಟ್ಕೊಂಡು. ಅದೇ ಕೆಲಸ."

ಆ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು. ಪೈಲಟ್ ಮೊಣಕಾಲಿಗೆ ಕಟ್ಟಿಕೊಂಡ ಹಲಗೆಯ ಮೇಲೆ ಒಂದು ಚೀಟಿ. ಪ್ರತಿ ಪರೀಕ್ಷೆ ಮುಗಿದೊಡನೆ ವಿಮಾನಕ್ಕೆ ಒಂದರಿಂದ ಹತ್ತರೊಳಗೆ ಅಂಕ ಬರೆಯಬೇಕು: ಒಂದೆಂದರೆ ಸಾಧು ಹಸು, ಹತ್ತೆಂದರೆ ಹುಚ್ಚುಗೂಳಿ. ಬರೆಯುವ ಮೊದಲು ಪಕ್ಕದವನೊಡನೆ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಮನಸ್ಸು ಅವನ ಕಡೆ ವಾಲುತ್ತದೆ. ಮೊದಲು ಬರೆ, ಆಮೇಲೆ ಮಾತಾಡು. ಮನೆಯಲ್ಲೂ ಹಾಗೇ ಆಗಿಹೋಯಿತು. ಸಾರು ಹೇಗಿದೆ ಎಂದರೆ ಮೆರ್ಲ್ ಮೊದಲು ಕೈಯೊರೆಸುವ ಕಾಗದದ ಮೇಲೆ ಒಂದು ಅಂಕ ಬರೆದು ಮಡಿಚಿಡುತ್ತಿದ್ದ.

*

ಚರ್ಚಿನ ಪ್ರಾರ್ಥನೆ ಮುಗಿದು, ಹಿಂದಿನ ಸ್ಮಶಾನದಲ್ಲಿ ಪೆಟ್ಟಿಗೆ ಕೆಳಗಿಳಿದು, ಜನವೆಲ್ಲ ನೆಲಮಾಳಿಗೆಯ ಊಟದ ಮನೆಗೆ ಬಂದರು. ಉದ್ದನೆಯ ಮೇಜುಗಳ ಮೇಲೆ ಹಂದಿಮಾಂಸದ ಹೋಳು, ಚೀಸು, ಉಪ್ಪಿನಕಾಯಿ ಸೌತೆ, ತಲೆಯ ಮೇಲೆ ತಲೆ ಕೂತಂಥ ಜೋಡಿ ಬನ್ನುಗಳು. ಮೆನೊನೈಟ್ ಪಂಥದ ಕ್ರೈಸ್ತರ ಸಾವಿನೂಟಕ್ಕೆ ಆ ಬನ್ನಿಲ್ಲದೆ ಆಗದು.

"ನಲವತ್ತು ಸಾವಿರ ಅಡಿಯಿಂದ ಇಳಿದು ಬಂದೋನು," ಎಂದ ಒಬ್ಬ, ಬನ್ನು ಮುರಿಯುತ್ತ. ಆಮೇಲೆ ಅದನ್ನು ತಿನ್ನಲು ಮರೆತು ಕೂತ.

"ಬೂಟು ಕಣಯ್ಯ," ಎಂದ ಇನ್ನೊಬ್ಬ. "ದನದ ಕೊಟ್ಟಿಗೆ ಬೂಟು ಹಾಕ್ಕೊಂಡು ವಿಮಾನ ಹತ್ತೋನು! ಕಾರ್ಖಾನೇಲಿ ನಾವೆಲ್ಲ ನಗ್ತಿದ್ವಿ. ಹತ್ತನೇ ನಂಬರು ಕಾಲಿಗೆ ಹನ್ನೆರಡರ ಬೂಟು. ಯಾಕೆ ಮೆರ್ಲ್ ಅಂದ್ರೆ, ನನ್ನ ಕಾಲು ಅತಿ ಬುದ್ಧಿವಂತ, ಅದಕ್ಕೆ ಮೂಗುದಾರ ಅನ್ನೋನು."

ನಕ್ಕರು. ನಗು ನಡುವೆಯೇ ನಿಂತಿತು. ಏಣಿ ಹತ್ತುವಾಗಲೂ ಅವನ ಕಾಲಲ್ಲಿದ್ದದ್ದು ಅದೇ ಬೂಟೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅದು ಈಗ ಹಿತ್ತಿಲ ಬಾಗಿಲ ಬಳಿ ಕೂತಿತ್ತು.

ಆಡಲೈನ್ ಕಾಫಿಯ ಹೂಜಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ಕೂತುಕೋ ಎಂದವರಿಗೆಲ್ಲ ಹೂಂ ಎಂದು ಮುಂದೆ ಹೋಗುತ್ತಿದ್ದಳು. ಆಗ ಡ್ವೈಟ್ ಎದುರಾದ. ಮೆರ್ಲ್‌ನ ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಅಳತೆ ಬರೆದುಕೊಂಡ ಇಂಜಿನಿಯರ್. ನಿವೃತ್ತಿಯಾದ ಮೇಲೆ ಉತ್ತರಕ್ಕೆ ನೆಬ್ರಾಸ್ಕಾದಲ್ಲಿ ಮಗನ ಮನೆಯಲ್ಲಿದ್ದ. ಅವನ ಕೈಯಲ್ಲಿ ದಾರ ಕಟ್ಟಿದ ಬಿಳಿ ರಟ್ಟಿನ ಪೆಟ್ಟಿಗೆ.

"ಇದು ನಿಮಗೆ ಆಡಲೈನ್. ಬರೋ ದಾರೀಲಿ ಕೊಟ್ರು. ಕೊಲಾಚೆ, ಗಸಗಸೆ ತುಂಬಿದ ಸಿಹಿ ಬನ್ನು."

"ಯಾರು ಕೊಟ್ಟಿದ್ದು?"

ಪೆಟ್ಟಿಗೆಯ ಮೇಲೆ ನೀಲಿ ಶಾಯಿಯಲ್ಲಿ ಹೆಸರಿತ್ತು. ಇರ್ಮಾ ಕುಚೇರಾ.

ನೀಲಿ ಡಬ್ಬಿಯಲ್ಲಿರುವ ಪತ್ರದ ಮೇಲಿದ್ದದ್ದೂ ಅದೇ ಹೆಸರು. ಆಡಲೈನ್‌ಳ ಕೈಯ ಹೂಜಿ ವಾಲಿ, ಕಾಫಿ ಬಟ್ಟಲು ತುಂಬಿ, ತಟ್ಟೆ ತುಂಬಿ, ಮೇಜಿನಂಚಿನಿಂದ ಯಾರದೋ ತೊಡೆಗೆ ಹರಿಯಿತು.

*

ಇರ್ಮಾಳ ಮಗ ಮಿಲೋ ದನದ ಡಾಕ್ಟರಾಗಿದ್ದ. ಇಪ್ಪತ್ತೊಂಬತ್ತು ವಯಸ್ಸು. ದೂರದೂರದ ದನದ ಫಾರಂಗಳಿಗೆ ಹಾರಿ ಹೋಗಲೆಂದು ಹೊಸ ನಾಲ್ಕು ಸೀಟಿನ ವಿಮಾನ ಕೊಂಡಿದ್ದ. ಒಂದು ಮಧ್ಯಾಹ್ನ, ಹಿಂದಿನ ಸೀಟಿನ ತುಂಬ ಔಷಧಿ ಪೆಟ್ಟಿಗೆ ಹೇರಿಕೊಂಡು ತನ್ನೂರಿನ ವಿಮಾನದ ಬಯಲಿಗೆ ಇಳಿಯುವಾಗ ವಿಮಾನದ ಮೂಗು ತಟ್ಟನೆ ಎಡಕ್ಕೆ ಹೊರಳಿ ಮಗುಚಿತು. ಮಿಲೋ ಅಲ್ಲೇ ಸತ್ತ. ಪೈಲಟನ ಅಜಾಗರೂಕತೆ ಎಂದು ವರದಿಯಾಯಿತು. ಪತ್ರಿಕೆಯಲ್ಲೂ ಹಾಗೇ ಬಂತು.

ಅದು ಮೆರ್ಲ್ ಎರಡು ಅಂಕ ಕೊಟ್ಟು ಪಾಸು ಮಾಡಿದ ವಿಮಾನ.

ಅವನಿಗೆ ನಂಬಿಕೆಯಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮರಳುಚೀಲ ಹೇರಿಸಿ, ಅದೇ ಜಾತಿಯ ಇನ್ನೊಂದು ವಿಮಾನವನ್ನು ಮತ್ತೆ ಹಾರಿಸಿದ. ಹಸುವಿನ ಹಾಗೆ ಇಳಿಯಿತು. ಡ್ವೈಟ್ ಆ ದಿನ ಮಾಪಕಗಳ ಮುಳ್ಳುಗಳನ್ನು ನೋಡಲಿಲ್ಲ. ಮೂಗು ತಿರುಗಿಸುವ ಪೆಡಲುಗಳ ಮೇಲಿದ್ದ ಮೆರ್ಲ್‌ನ ಪಾದಗಳನ್ನು ನೋಡುತ್ತ ಕೂತಿದ್ದ. ಮೆರ್ಲ್ ಚೀಟಿ ಬರೆದು ಮುಗಿಸಿದ ಮೇಲೆ ಡ್ವೈಟ್ ಹೇಳಿದ: "ನಿಮ್ಮ ಬಲಗಾಲು ಪೆಡಲ್ ಒತ್ತಿತು." "ಇಲ್ಲ," ಎಂದ ಮೆರ್ಲ್. "ಒತ್ತಿತು ಮೆರ್ಲ್. ಮೂಗು ತಿರುಗೋಕ್ಕೆ ಮುಂಚೇನೇ."

ಬೇಲಿಯ ಮೇಲೆ ಹಾರಿದ ಕಾಲು. ತಪ್ಪು ಬರುವ ಮೊದಲೇ ಅದನ್ನು ತಡೆಯುತ್ತಿತ್ತು, ಯಜಮಾನನಿಗೂ ಹೇಳುತ್ತಿರಲಿಲ್ಲ. ಮರುದಿನ ಮೆರ್ಲ್ ಕೊಟ್ಟಿಗೆಯ ದೊಡ್ಡ ಬೂಟು ಹಾಕಿಕೊಂಡು ಹಾರಿಸಿದ. ಬೂಟಿನೊಳಗೆ ಕಾಲು ತಡವಾಯಿತು, ಮೂಗು ಎಡಕ್ಕೆ ಎಳೆಯಿತು. ಚೀಟಿಯ ಮೇಲೆ ಏಳು ಬರೆದ. ಆರು ತಿಂಗಳಲ್ಲಿ ಆ ಜಾತಿಯ ಎಲ್ಲ ವಿಮಾನಗಳ ಬಾಲ ಬದಲಾಯಿತು. ಮಿಲೋನ ವರದಿ ಮಾತ್ರ ಬದಲಾಗಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತ ಅವನು ಲಕೋಟೆಯನ್ನು ಮೇಜಿನ ಮೇಲಿಟ್ಟ. ಅಂಚೆಚೀಟಿ ಹಚ್ಚಿಯಾಗಿತ್ತು.

"ಇವತ್ತಿನ ಟಪಾಲಿಗೆ ಹಾಕಿಬಿಡು. ಆ ಹುಡುಗನ ತಾಯಿಗೆ. ನಿಮ್ಮ ಮಗನ ತಪ್ಪಲ್ಲ, ತಪ್ಪು ನನ್ನ ಕಾಲಿನದು ಅಂತ ಬರ್ದಿದೀನಿ."

"ಕಚೇರಿಯೋರು ಸತ್ತವರ ಮನೆಗೆ ಏನೂ ಬರೀಕೂಡದು ಅಂದಿದಾರೆ ಅಂದ್ಯಲ್ಲ."

"ಅಂದಿದಾರೆ."

"ಕೆಲಸ ಹೋಗತ್ತೆ ಮೆರ್ಲ್. ಕೋರ್ಟಿಗೆ ಎಳೀತಾರೆ."

"ಹೋಗ್ಲಿ," ಎಂದು ಅವನು ಬೂಟು ಎತ್ತಿಕೊಂಡು ಹೋದ.

ಆಡಲೈನ್ ರಸ್ತೆಯಂಚಿನ ಅಂಚೆಪೆಟ್ಟಿಗೆಯಲ್ಲಿ ಪತ್ರ ಇಟ್ಟಳು. ಒಯ್ಯುವ ಕಾಗದವಿದೆ ಎಂದು ತಿಳಿಯುವಂತೆ ಪೆಟ್ಟಿಗೆಯ ಪಕ್ಕದ ಕೆಂಪು ಬಾವುಟ ಎತ್ತಿ ನಿಲ್ಲಿಸಿದಳು. ಮೆಟ್ಟಿಲ ತನಕ ಬಂದಳು. ದೂರದ ತಿರುವಿನಲ್ಲಿ ಟಪಾಲು ಗಾಡಿಯ ಧೂಳು ಕಂಡಿತು. ಆಮೇಲೆ ತಾನು ಓಡಿದ್ದು ಅವಳಿಗೆ ನೆನಪಿಲ್ಲ. ಪತ್ರ ಎದೆಯೊಳಗಿತ್ತು, ಬಾವುಟ ಕೆಳಗಿತ್ತು, ಗಾಡಿ ನಿಲ್ಲದೆ ಮುಂದೆ ಹೋಗಿತ್ತು.

"ಹಾಕ್ದೆಯಾ?" ಎಂದು ಸಂಜೆ ಕೇಳಿದ. "ಹೂಂ," ಎಂದಳು. ಅದಾದ ಮೇಲೆ ಒಂದು ವರ್ಷ ಟಪಾಲು ತರಲು ಅವನೇ ಹೋಗುತ್ತಿದ್ದ. ಆಮೇಲೆ ಹೋಗುವುದನ್ನು ಬಿಟ್ಟ. ಮರೆತನೆಂದು ಅವಳು ತಿಳಿದಳು.

*

ಚರ್ಚಿನ ಅಡಿಗೆಮನೆಯಲ್ಲಿ ಡ್ವೈಟ್ ಬಾಗಿಲು ಮುಂದೆ ಮಾಡಿದ. ಆಡಲೈನ್ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಿದ್ದಳು.

"ಅವಳ ಪರಿಚಯ ನಿಮಗೆ ಹೇಗೆ?"

"ಮೆರ್ಲ್ ಹೇಳಿರ್ಲಿಲ್ವಾ? ಆ ಊರಿನ ವಿಮಾನದ ಬಯಲಲ್ಲಿ ಸಣ್ಣ ಹೋಟ್ಲು ನಡೆಸ್ತಾಳೆ. ಪ್ರತಿ ವಸಂತದಲ್ಲೂ ನಾವಿಬ್ರೂ ಅಲ್ಲಿಗೆ ಹಾರಿ ಹೋಗ್ತಿದ್ವಿ. ಹದಿನಾಲ್ಕು ವರ್ಷ."

"ಮೀನು ಹಿಡಿಯೋಕೆ ಅಂತಿದ್ರು."

"ಒಂದು ಮೀನೂ ಹಿಡಿದಿಲ್ಲ." ಡ್ವೈಟ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಮೊದಲ್ನೇ ಸಲ ಹೋದಾಗ ಹೆಸರು ಹೇಳ್ದ. ನಾನು ಮೆರ್ಲ್ ಉನ್ರೂ, ಕ್ಯಾನ್ಸಸ್‌ನೋನು ಅಂದ. ಅವಳು ಹೌದಾ ಅಂದು ಕಾಫಿ ಹಾಕಿದ್ಲು. ಬಟ್ಲು ಖಾಲಿಯಾದಾಗ ಕೇಳ್ದೇನೇ ಇನ್ನೊಂದ್ಸಲ ಹಾಕಿದ್ಲು. ವಾಪಸ್ ಬರ್ತಾ ದಾರಿಯುದ್ದಕ್ಕೂ ಒಂದೇ ಮಾತು ಅವನದು. 'ನನ್ನ ಪತ್ರ ಓದಿದಾಳೆ ಡ್ವೈಟ್. ನಾನ್ಯಾರು ಅಂತ ಗೊತ್ತು. ಆದ್ರೂ ಎರಡನೇ ಸಲ ಕಾಫಿ ಹಾಕಿದ್ಲು.'"

ಆಡಲೈನ್ ತೊಟ್ಟಿಯ ನಲ್ಲಿ ತಿರುಗಿಸಿ, ಮತ್ತೆ ಮುಚ್ಚಿದಳು. 

"ನಿನ್ನೆ ಸುದ್ದಿ ಹೇಳೋಕೆ ಅಲ್ಲಿ ನಿಲ್ಲಿಸ್ದೆ," ಎಂದ ಡ್ವೈಟ್. "ಪಾಪ, ಅತ್ತುಬಿಟ್ಲು. ಈ ಪೆಟ್ಟಿಗೆ ಕೊಟ್ಲು. ಆಮೇಲೆ ಒಂದು ಮಾತಂದ್ಲು ಆಡಲೈನ್. 'ನನ್ನ ಹುಡುಗ ಅವಸರದೋನು, ಅಜಾಗರೂಕ, ಹಾಗಂತ ಬರೆದೇಬಿಟ್ರು. ಇಲ್ಲಿಗೆ ಬರೋ ಪೈಲಟ್‌ಗಳೆಲ್ಲ ಅವನ ಮಾತೆತ್ತಿ ತಲೆ ಅಲ್ಲಾಡಿಸ್ತಾರೆ. ಆ ಕ್ಯಾನ್ಸಸ್ ಯಜಮಾನರು ಒಬ್ರೇ ಒಂದು ದಿನವೂ ವಿಮಾನದ ಮಾತೆತ್ತಲಿಲ್ಲ. ಅದಕ್ಕೇ ಅವರಂದ್ರೆ ನಂಗೆ ಇಷ್ಟ.' ಮುನ್ನೂರು ಮೈಲಿ ಗಾಡಿ ಓಡಿಸ್ಕೊಂಡು ಅದನ್ನೇ ಯೋಚಿಸ್ತಾ ಬಂದೆ. ಪತ್ರ ಓದಿದೋಳು ಹೀಗಂತಾಳಾ?"

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ. 

"ಆ ಪತ್ರ ತಲುಪಿತ್ತಾ ಆಡಲೈನ್?"

"ಮೊದಲು ಬರೀಬೇಕು," ಎಂದಳು ಅವಳು.

ಆ ಕಟ್ಟಳೆ ಅವನದೂ ಆಗಿತ್ತು. ಡ್ವೈಟ್‌ಗೆ ಉತ್ತರ ಸಿಕ್ಕಿತು. ಅವನು ಮತ್ತೆ ಏನೂ ಕೇಳದೆ ಟೋಪಿ ಹಾಕಿಕೊಂಡ.

*

ಮನೆಗೆ ಬಂದಾಗ ಎರಡೂಕಾಲು. ಮಳೆ ಹನಿಯತೊಡಗಿತ್ತು. ಆಡಲೈನ್ ಕೋಟು ತೆಗೆಯದೆ ನೀಲಿ ಡಬ್ಬಿ ಇಳಿಸಿ, ಅಚ್ಚುಗಳನ್ನೆಲ್ಲ ಮೇಜಿಗೆ ಸುರಿದಳು. ಪತ್ರ ಹಳದಿಯಾಗಿತ್ತು. ಅಂಟು ಬಿಟ್ಟಿರಲಿಲ್ಲ, ಅವಳು ಎಂದೂ ಬಿಡಿಸಿ ಓದಿರಲಿಲ್ಲ. ಹಳೆಯ ಅಂಚೆಚೀಟಿ ಈಗಿನ ದರಕ್ಕೆ ಸಾಲದೆಂದು ಅದರ ಪಕ್ಕ ಹೊಸದೆರಡು ಹಚ್ಚಿದಳು. ಲಕೋಟೆಯ ಬೆನ್ನ ಮೇಲೆ ಬರೆದಳು: 'ಇದನ್ನು ನನ್ನ ಗಂಡ ಹತ್ತೊಂಬತ್ತು ವರ್ಷದ ಹಿಂದೆ ಬರೆದರು. ಕಳಿಸದೆ ಇಟ್ಟುಕೊಂಡವಳು ನಾನು. ಅವರಿಗೆ ಗೊತ್ತಿರಲಿಲ್ಲ. ಆಡಲೈನ್ ಉನ್ರೂ.'

ಆಮೇಲೆ ಮಗಳಿಗೂ ಎಲ್ಡಾಳಿಗೂ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜನೆಲ್ ಕುರ್ಚಿ ಎಳೆದು ಕೂತಳು.

"ಹತ್ತೊಂಬತ್ತು ವರ್ಷ," ಎಂದಳು ಎಲ್ಡಾ. "ಹತ್ತೊಂಬತ್ತು ವರ್ಷ ನನ್ನ ತಮ್ಮನ ಎದುರು ಕೂತು ಊಟ ಮಾಡಿದೀಯ."

"ಹೂಂ."

"ಗಂಟಲಲ್ಲಿ ಇಳೀತಾ?"

ಆಡಲೈನ್ ಅಚ್ಚುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

"ಆಗ ನಂಗೆ ಹದಿಮೂರು," ಎಂದಳು ಜನೆಲ್, ಅಮ್ಮನನ್ನಲ್ಲ, ಮೇಜಿನ ಮೇಲಿದ್ದ ನಕ್ಷತ್ರದಾಕಾರದ ಅಚ್ಚನ್ನು ನೋಡುತ್ತ. "ಅಪ್ಪನ ಕೆಲಸ ಹೋಗಿದ್ರೆ ನಾವು... ಅದಿರ್ಲಿ. ಆದ್ರೆ ಈಗ್ಯಾಕಮ್ಮಾ? ಅಪ್ಪ ನೆಮ್ಮದಿಯಾಗಿ ಹೋದ್ರು. ಅವಳೂ ಅವರನ್ನ ಒಳ್ಳೆಯೋರು ಅಂದ್ಕೊಂಡಿದಾಳೆ. ಇದು ಕೈಗೆ ಸಿಕ್ಕಿದ್ರೆ ಅವಳು ಹಾಕಿದ ಕಾಫಿಯೆಲ್ಲ..."

"ಅವಳ ಮಗ ಮಾತ್ರ ಅಜಾಗರೂಕನಾಗೇ ಇರ್ಲಾ?" ಎಲ್ಡಾ ಮೇಜು ಕುಟ್ಟಿದಳು. "ನನ್ನ ತಮ್ಮ ಸತ್ತಿದಾನೆ. ಈಗ ಅವನಿಗೆ ಯಾರು ಏನು ಅಂದ್ರೆ ಏನು?" ಅಷ್ಟು ಹೇಳಿ ಅವಳ ದನಿ ಒಡೆಯಿತು. ನಾಲ್ಕು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು.

ಮೂರಕ್ಕೆ ಹತ್ತು ನಿಮಿಷವಿತ್ತು. ಶನಿವಾರದ ಟಪಾಲು ಗಾಡಿ ಮೂರಕ್ಕೆ ಬರುತ್ತದೆ.

ಆಡಲೈನ್ ಪತ್ರ ತೆಗೆದುಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. ಆಸ್ಪತ್ರೆಯ ಚೀಲ ಬಿಚ್ಚಿ ಬೂಟು ಹೊರಗೆ ತೆಗೆದಳು. ಒಂದರ ಅಡಿಗೆ ಎಲೆಯೊಂದು ಅಂಟಿಕೊಂಡಿತ್ತು. ಅದನ್ನು ಕೀಳಲಿಲ್ಲ. ಕಪ್ಪು ಚಪ್ಪಲಿ ಕಳಚಿ, ಕಾಲುಚೀಲದ ಪಾದಗಳನ್ನು ಒಂದೊಂದಾಗಿ ಬೂಟಿನೊಳಗೆ ಇಳಿಸಿದಳು. ಒಳಗೆ ಇನ್ನೊಂದು ಪಾದಕ್ಕೆ ಜಾಗವಿತ್ತು.

"ಅಮ್ಮಾ, ಅದನ್ನ ಹಾಕ್ಕೊಂಡು ಬೀಳ್ತೀಯ!"

"ಇಲ್ಲ. ನಿಧಾನ ಹೋಗ್ತೀನಿ."

ಅಂಗಳದ ಜಲ್ಲಿ ತೋಯ್ದು ಕೆಸರಾಗಿತ್ತು. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು, ಬೂಟು ಹಿಂದೆ ಉಳಿದು, ಆಮೇಲೆ ಬರುತ್ತಿತ್ತು. ಸೂರಿನ ದೋಣಿಯಲ್ಲಿ ನೀರು ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಹರಿದು ಕೊಳವೆಯಿಂದ ಹೊರಬೀಳುತ್ತಿತ್ತು. ಅಂಚೆಪೆಟ್ಟಿಗೆಯ ಮುಚ್ಚಳ ತೆಗೆದು ಪತ್ರ ಒಳಗಿಟ್ಟಳು. ಬಾವುಟ ತುಕ್ಕು ಹಿಡಿದಿತ್ತು. ಎರಡು ಸಲ ಎಳೆದ ಮೇಲೆ ಎದ್ದು ನಿಂತಿತು.

ತಿರುವಿನಲ್ಲಿ ಗಾಡಿಯ ದೀಪ ಕಂಡಿತು.

ಆಡಲೈನ್ ಮನೆಯ ಕಡೆ ಹತ್ತು ಹೆಜ್ಜೆ ಬಂದಿದ್ದಳು. ಅವಳ ಪಾದಗಳು ತಟ್ಟನೆ ಹಿಂದಕ್ಕೆ ತಿರುಗಿದವು. ಬೂಟು ತಿರುಗಲಿಲ್ಲ. ಕೆಸರಿನಲ್ಲಿ ಹೂತು, ಮನೆಯ ಕಡೆಗೇ ಮುಖ ಮಾಡಿ, ಅವಳ ಕಾಲನ್ನು ಮೊಣಕಾಲ ತನಕ ಹಿಡಿದು ನಿಂತಿತ್ತು. ಅವಳು ಅಲ್ಲೇ ಸೊಂಟ ತಿರುಚಿ ನೋಡಿದಳು. ಗಾಡಿ ನಿಂತಿತು. ಕಿಟಕಿಯಿಂದ ನೀಲಿ ತೋಳೊಂದು ಚಾಚಿ ಪೆಟ್ಟಿಗೆಯೊಳಗೆ ಹೋಯಿತು, ಹೊರಗೆ ಬಂತು, ಕೆಂಪು ಬಾವುಟವನ್ನು ಒಂದೇ ಬೆರಳಿಂದ ಕೆಳಗೆ ಒತ್ತಿತು.